ಹಳೆ ಕಾರಿಗೆ ಸಾಲವಾ, ಪೂರ್ತಿ ದುಡ್ಡಾ? ಅಡ್ವಾನ್ಸ್ ಕೊಡುವ ಮೊದಲೇ ಕೂತು ಹಾಕಬೇಕಾದ ಲೆಕ್ಕ

ಈ ಪ್ರಶ್ನೆ ನನ್ನ ಹತ್ತಿರ ಬರುವುದು ಹೆಚ್ಚಾಗಿ ತಡವಾಗಿಯೇ. ಕಾರು ನೋಡಿ ಆಗಿದೆ. ಮನೆಯವರಿಗೆ ಬಣ್ಣ ಇಷ್ಟವಾಗಿದೆ. ಹತ್ತು ಸಾವಿರ ಅಡ್ವಾನ್ಸ್ ಕೂಡ ಹೋಗಿದೆ. ಆಮೇಲೆ ಫೋನ್ ಬರುತ್ತದೆ: "ಲೋನ್ ಮಾಡುವುದಾ, ಎಫ್‌ಡಿ ಒಡೆಯುವುದಾ ಮಾರಾಯ್ರೆ?"

ಆ ಹೊತ್ತಿಗೆ ಯಾರು ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಮಾರುವವರು ತೋರಿಸಿದ ಕಾಗದಕ್ಕೆ ಸಹಿ ಬೀಳುತ್ತದೆ, ಅಷ್ಟೇ. ಹಾಗಾಗಿ ದುಡ್ಡಿನ ನಿರ್ಧಾರ ಮೊದಲು, ಕಾರು ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸಾಲ ಬೇಕಾಗಿಯೂ ಮೂರನೆಯದನ್ನು ಬಿಟ್ಟು ನೇರ ಏಳಕ್ಕೆ ಹಾರಿದವರೇ ಜಾಸ್ತಿ ಸಿಕ್ಕಿಬೀಳುವುದು.

## ಮೊದಲು ಇಷ್ಟನ್ನು ಮೇಜಿನ ಮೇಲೆ ಇಡಿ

ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಎಫ್‌ಡಿ ರಸೀದಿಗಳು, ಸೊಸೈಟಿಯ ಪಾಸ್‌ಬುಕ್, ಪಿಗ್ಮಿ ಕಟ್ಟುತ್ತಿದ್ದರೆ ಅದರ ಲೆಕ್ಕ. ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಎನ್ನುವ ದಾಖಲೆ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕು. ಮೊಬೈಲ್‌ನಲ್ಲಿ ಒಂದು ಇಎಂಐ ಕ್ಯಾಲ್ಕುಲೇಟರ್ ಮತ್ತು ಗಾಡಿಯ ನೋಂದಣಿ ವಿವರ ತೋರಿಸುವ ಸರಕಾರಿ ಎಂಪರಿವಾಹನ್ ಆ್ಯಪ್. ಒಂದು ನೋಟ್‌ಬುಕ್. ಇಷ್ಟರ ಜೊತೆ ಗುರ್ತದ ಒಬ್ಬ ಮೆಕ್ಯಾನಿಕ್ ಬೇಕು. ಮಾರುವವರ ಗುರ್ತದವನಲ್ಲ, ನಿಮ್ಮ ಗುರ್ತದವನು.

## 1. ಕಾರಿನ ಬೆಲೆ ಬಿಡಿ, ರಸ್ತೆಗೆ ಇಳಿಸುವ ಬೆಲೆ ಬರೆಯಿರಿ

ಐದು ಲಕ್ಷದ ಕಾರು ಐದು ಲಕ್ಷಕ್ಕೆ ಮನೆಗೆ ಬರುವುದಿಲ್ಲ. ಹೆಸರು ವರ್ಗಾವಣೆಯ ಖರ್ಚು, ಇನ್ಶೂರೆನ್ಸ್, ಪೂರ್ತಿ ಸರ್ವಿಸ್, ಬ್ಯಾಟರಿ, ಟಯರು ಎಲ್ಲ ಸೇರುತ್ತದೆ. ನಾನು ಸುಮ್ನೆ ಬೆಲೆಯ ಹತ್ತು ಪರ್ಸೆಂಟ್ ಪಕ್ಕಕ್ಕಿಡುತ್ತೇನೆ. ಕಾರು ಏಳೆಂಟು ವರ್ಷ ದಾಟಿದ್ದರೆ ಅದೂ ಸಾಲದು.

ಟಯರಿನ ವಿಷಯದಲ್ಲಿ ಒಂದು ಮಾತು. ನಮ್ಮ ಕರಾವಳಿ ಕಡೆ ಗಲ್ಫ್‌ನಲ್ಲಿ ಇರುವವರ ಕಾರು ಮಾರಾಟಕ್ಕೆ ಬರುತ್ತಿರುತ್ತದೆ. ವರ್ಷದಲ್ಲಿ ಒಂದು ತಿಂಗಳು ಓಡಿ, ಹನ್ನೊಂದು ತಿಂಗಳು ಶೆಡ್ಡಿನಲ್ಲಿ ನಿಂತ ಕಾರು. ಮೀಟರ್ ನೋಡಿದರೆ 28 ಸಾವಿರ ಕಿಲೋಮೀಟರ್, ಟಯರಿನ ಗೀರು ಹೊಸದರ ಹಾಗೆ. ಆದರೆ ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, ಅದನ್ನು ಓದಿ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಅದು ನೋಡಲು ಎಷ್ಟು ಚಂದ ಇದ್ದರೂ ಮಳೆಗಾಲಕ್ಕೆ ಮೊದಲು ಬದಲಿಸಬೇಕು. ನಾಲ್ಕು ಟಯರಿನ ಖರ್ಚನ್ನು ಈಗಲೇ ಬರೆದುಕೊಳ್ಳಿ.

ಕೆಎಲ್-14, ಅಂದರೆ ಕಾಸರಗೋಡಿನ ಕಾರು ಕಡಿಮೆಗೆ ಸಿಗುತ್ತದೆ ಎಂದು ಹೋಗುವವರೂ ಉಂಟು. ಅದನ್ನು ಇಲ್ಲಿಗೆ ತಂದು ಇಲ್ಲಿನ ನಂಬರ್ ಹಾಕಿಸಬೇಕಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು, ಕಾರಿನ ವಯಸ್ಸಿನ ಲೆಕ್ಕದಲ್ಲಿ ಇಲ್ಲಿನ ರಸ್ತೆ ತೆರಿಗೆ ಕಟ್ಟಬೇಕು. ಆ ತೆರಿಗೆ ಸೇರಿಸಿದ ಮೇಲೂ ಅಗ್ಗವಾ ಅಂತ ನೋಡಿ. ಕೆಎ-19 (ಮಂಗಳೂರು), ಕೆಎ-20 (ಉಡುಪಿ), ಕೆಎ-21ರ (ಪುತ್ತೂರು) ಕಾರಿಗೆ ಈ ಗೋಜಿಲ್ಲ.

## 2. ಕಾರು ಬಂದ ಮರುದಿನ ಕೈಯಲ್ಲಿ ಎಷ್ಟು ಇರುತ್ತದೆ?

ಹೆಚ್ಚಿನವರು "ಎಷ್ಟು ಕೊಡಬಲ್ಲೆ" ಎಂದು ಕೇಳಿಕೊಳ್ಳುತ್ತಾರೆ. ಕೊಟ್ಟ ಮೇಲೆ ಎಷ್ಟು ಉಳಿಯುತ್ತದೆ ಎಂದು ಕೇಳಿಕೊಳ್ಳಿ.

ನಾನು ಮೊದಲ ಕಾರು ಕೊಂಡದ್ದು ಒಂದು ಮೇ ತಿಂಗಳಲ್ಲಿ. ಸಾಲ ಎಂದರೆ ನನಗೆ ಅಲರ್ಜಿ. ಇದ್ದ ಎಫ್‌ಡಿ ಎರಡನ್ನೂ ಒಡೆದು ಪೂರ್ತಿ ಕೊಟ್ಟೆ. ಹೆಮ್ಮೆಯೂ ಆಗಿತ್ತು. ಜೂನ್ ಮೂರನೇ ವಾರ, ಸುರಿಯುವ ಮಳೆಯಲ್ಲಿ, ಮಣಿಪಾಲದ ಏರಿನಲ್ಲಿ ಕ್ಲಚ್ ಹೋಯಿತು. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಹಿಂದೆ ಬಸ್ಸಿನ ಹಾರ್ನ್. ಕ್ಲಚ್ ಆಯಿತು ಎನ್ನುವಾಗ ಮಗಳ ಶಾಲೆಯ ಫೀಸು. ಖಾತೆಯಲ್ಲಿ ಇದ್ದದ್ದು ಒಂಬತ್ತು ಸಾವಿರ. ಕೊನೆಗೆ ಭಾವನ ಹತ್ತಿರ ಕೈಸಾಲ ಕೇಳಿದೆ. ಬ್ಯಾಂಕಿನ ಸಾಲ ಬೇಡ ಅಂದವನು ಮನೆಯವರ ಎದುರು ಕೈಚಾಚಿದ್ದು. ಭಾವ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು.

ಹಾಗಾಗಿ ನನ್ನ ಗೆರೆ ಇದು: ಕಾರು, ಅದರ ಮೊದಲ ರಿಪೇರಿ ಎಲ್ಲ ಮುಗಿದ ಮೇಲೆ ಮನೆಯ ಆರು ತಿಂಗಳ ಖರ್ಚು ಕೈಯಲ್ಲಿ ಉಳಿಯಬೇಕು. ಸರಕಾರಿ ಕೆಲಸ, ಮನೆಯಲ್ಲಿ ಇಬ್ಬರ ಸಂಬಳ ಎಂದಾದರೆ ನಾಲ್ಕು ತಿಂಗಳಿನದ್ದು ಸಾಕು. ಬೋಟಿನ ಕೆಲಸ, ಕ್ಯಾಟರಿಂಗ್, ಶಾಮಿಯಾನದಂಥ ಸೀಸನ್ ದುಡಿಮೆಯವರಿಗೆ ಆರೂ ಕಡಿಮೆ. ಮಳೆಗಾಲದ ಗಳಿಕೆ ಎಷ್ಟು ಎಂದು ಅವರಿಗೇ ಗೊತ್ತಲ್ವಾ?

ಪೂರ್ತಿ ಕೊಟ್ಟೂ ಈ ಗೆರೆ ದಾಟಿ ದುಡ್ಡು ಉಳಿಯುತ್ತದೆಯಾ? ಹಾಗಾದರೆ ಸಾಲ ಬೇಡ. 7ನೇ ಹಂತಕ್ಕೆ ಹೋಗಿ. ಉಳಿಯುವುದಿಲ್ಲವಾದರೆ ಮುಂದೆ ಓದಿ.

## 3. ಸಾಲದ ನಿಜವಾದ ಖರ್ಚು ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಹೋಗೋಣ.

ಉದಾಹರಣೆಗೆ, ಕೈಯಲ್ಲಿ 6 ಲಕ್ಷ ಉಂಟು. ಕಾರಿಗೆ 5 ಲಕ್ಷ, ಮೇಲಿನ ಖರ್ಚಿಗೆ 50 ಸಾವಿರ. ಪೂರ್ತಿ ಕೊಟ್ಟರೆ ಉಳಿಯುವುದು 50 ಸಾವಿರ. ಮನೆ ಖರ್ಚು ತಿಂಗಳಿಗೆ 35 ಸಾವಿರ ಆದರೆ ಅದು ಒಂದೂವರೆ ತಿಂಗಳಿಗೆ ಬಂತು. ಬದಲಿಗೆ 3 ಲಕ್ಷ ಸಾಲ ಮಾಡಿದರೆ ಕೈಯಲ್ಲಿ 3.5 ಲಕ್ಷ ಉಳಿಯುತ್ತದೆ.

ಸಾಲ 13 ಪರ್ಸೆಂಟ್ ಬಡ್ಡಿಗೆ, ಮೂರು ವರ್ಷಕ್ಕೆ ಎಂದಿಟ್ಟುಕೊಳ್ಳಿ. ಇಎಂಐ 10,108 ರೂಪಾಯಿ. ಮೂರು ವರ್ಷದಲ್ಲಿ ಒಟ್ಟು ಬಡ್ಡಿ ಸುಮಾರು 63,900.

ಈಗ ಬ್ರೋಕರ್ ಹೇಳುತ್ತಾನೆ: "ನಿಮ್ಮ 3 ಲಕ್ಷ ಎಫ್‌ಡಿಯಲ್ಲೇ ಇರಲಿ ಅಣ್ಣ. ಆರೂವರೆ ಪರ್ಸೆಂಟಿಗೆ ಮೂರು ವರ್ಷದಲ್ಲಿ 64 ಸಾವಿರ ಬಡ್ಡಿ ಬರ್ತದೆ. ಸಾಲದ ಬಡ್ಡಿಯೂ ಅಷ್ಟೇ. ಸಾಲ ಫ್ರೀ ಆದ ಹಾಗೆ!"

ಲೆಕ್ಕ ಮಾಡಿ ನೋಡಿದರೆ ಎರಡೂ ಅಂಕೆ ಸರಿಯೇ. ಎಫ್‌ಡಿ 3,64,000 ಆಗುತ್ತದೆ. ಬಡ್ಡಿ ದರ ಎರಡು ಪಟ್ಟು ಇದ್ದರೂ ಮೊತ್ತ ಸಮ ಬಂದದ್ದು ಹೇಗೆ? ಸಾಲದ ಅಸಲು ತಿಂಗಳು ತಿಂಗಳು ಇಳಿಯುತ್ತದೆ, ಎಫ್‌ಡಿ ಪೂರ್ತಿ ಮೂರು ವರ್ಷ ಹಾಗೆಯೇ ಬೆಳೆಯುತ್ತದೆ. ಅವನು ಬಿಟ್ಟದ್ದು ಒಂದೇ ಒಂದು ವಿಷಯ: ಇಎಂಐ ಕಟ್ಟುವುದು ಯಾರ ದುಡ್ಡಿನಿಂದ? ನಿಮ್ಮ ಸಂಬಳದಿಂದ ತಾನೇ? ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದರೆ ಆ 10,108 ರೂಪಾಯಿ ನಿಮ್ಮ ಹತ್ತಿರವೇ ಇರುತ್ತಿತ್ತು. ಅದನ್ನು ಅದೇ ಆರೂವರೆ ಪರ್ಸೆಂಟಿಗೆ ಆರ್‌ಡಿ ಕಟ್ಟಿದರೆ ಮೂರು ವರ್ಷಕ್ಕೆ ಹತ್ತಿರ ಹತ್ತಿರ 4 ಲಕ್ಷ ಆಗುತ್ತದೆ.

ಒಂದು ಕಡೆ 4 ಲಕ್ಷ, ಇನ್ನೊಂದು ಕಡೆ 3,64,000. ವ್ಯತ್ಯಾಸ 36 ಸಾವಿರ. ಆದಾಯ ತೆರಿಗೆ ಪಕ್ಕಕ್ಕಿಟ್ಟರೆ ನಿಮ್ಮ ಸಾಲದ ನಿಜವಾದ ಖರ್ಚು ಅದು. 63 ಸಾವಿರವೂ ಅಲ್ಲ, ಸೊನ್ನೆಯೂ ಅಲ್ಲ. 3 ಲಕ್ಷವನ್ನು ಕೈಯಲ್ಲಿ ಉಳಿಸಿಕೊಳ್ಳುವುದಕ್ಕೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಬಾಡಿಗೆ ಎಂದು ನೋಡಿ.

ಈ ಬಾಡಿಗೆ ಕೊಡಬಹುದಾ? ವಯಸ್ಸಾದ ಅಪ್ಪ ಅಮ್ಮ ಮನೆಯಲ್ಲಿ ಇದ್ದರೆ, ಕೆಲಸ ಗ್ಯಾರಂಟಿ ಇಲ್ಲದಿದ್ದರೆ ನಾನು ಕೊಡುತ್ತೇನೆ. ಎಫ್‌ಡಿ ಒಡೆದು ಪೂರ್ತಿ ಕೊಟ್ಟು, ಪ್ರತಿ ತಿಂಗಳು ಹತ್ತು ಸಾವಿರ ಆರ್‌ಡಿ ಕಟ್ಟುತ್ತೇನೆ ಎನ್ನುವವರೂ ಇದ್ದಾರೆ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗೇ ಉಂಟಲ್ಲ? ಕಳೆದ ಆರು ತಿಂಗಳಲ್ಲಿ ಹತ್ತು ಸಾವಿರ ಉಳಿದ ತಿಂಗಳು ಎಷ್ಟು, ಎಣಿಸಿ. ಮೂರಕ್ಕಿಂತ ಕಡಿಮೆಯಾದರೆ ಆ ಆರ್‌ಡಿ ನಡೆಯುವುದಿಲ್ಲ. ಇಎಂಐ ಸಹ ಕಷ್ಟವೇ, ಅದು ಬೇರೆ ಮಾತು. ಆಗ ಕಾರನ್ನೇ ಸಣ್ಣದು ಮಾಡಬೇಕು.

ನಡುದಾರಿಯೂ ಉಂಟು. 3 ಲಕ್ಷದ ಬದಲು ಒಂದೂವರೆ ಲಕ್ಷ ಮಾತ್ರ ಸಾಲ. ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ, ಕೈಯಲ್ಲಿ 2 ಲಕ್ಷ ಉಳಿಯುತ್ತದೆ. ನನ್ನ ಎರಡನೇ ಕಾರು ಹೀಗೆಯೇ ಬಂದದ್ದು.

ಅವಧಿ ಮಾತ್ರ ಎಳೆಯಬೇಡಿ. ಇದೇ 3 ಲಕ್ಷ ಐದು ವರ್ಷಕ್ಕೆ ಮಾಡಿದರೆ ಇಎಂಐ 6,826ಕ್ಕೆ ಇಳಿಯುತ್ತದೆ, ಬಡ್ಡಿ 1 ಲಕ್ಷ 9 ಸಾವಿರ ದಾಟುತ್ತದೆ. ಏಳು ವರ್ಷದ ಕಾರು ಆಗ ಹನ್ನೆರಡು ವರ್ಷದ್ದು. ಇಎಂಐ ಕಟ್ಟುವ ತಿಂಗಳೇ ಸಸ್ಪೆನ್ಶನ್ ರಿಪೇರಿಗೂ ಕೊಡಬೇಕಾಗುತ್ತದೆ. ಮೂರು ವರ್ಷದ ಇಎಂಐ ಕಟ್ಟಲು ಆಗದಿದ್ದರೆ ಆ ಕಾರು ನಿಮ್ಮ ಬಜೆಟ್ಟಿನದ್ದಲ್ಲ.

## 4. ಸಾಲ ಎಂದರೆ ಕಾರ್ ಲೋನ್ ಒಂದೇ ಅಲ್ಲ

ಎಫ್‌ಡಿ ಇದ್ದವರು ಅದನ್ನು ಒಡೆಯುವ ಮೊದಲು ಅದರ ಮೇಲೆ ಸಾಲ ಕೇಳಿ. ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಇರುತ್ತದೆ, ಅಷ್ಟೇ. ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರುವುದಿಲ್ಲ. ಕಾರಿಗೆ ಬೆಲೆ ಕಟ್ಟಿಸುವ ವ್ಯಾಲ್ಯುಯೇಶನ್ ತಾಪತ್ರಯ ಇಲ್ಲ. ಹಳೆ ಕಾರಿಗೆ ನನ್ನ ಮೊದಲ ಆಯ್ಕೆ ಇದೇ. ತೊಂದರೆ ಒಂದೇ: ಸಾಲ ತೀರುವವರೆಗೆ ಆ ಎಫ್‌ಡಿ ಕೈಗೆ ಸಿಗುವುದಿಲ್ಲ. ಹಾಗಾಗಿ ತುರ್ತಿನ ಹಣವೆಂದು ಇಟ್ಟ ಎಫ್‌ಡಿಯ ಮೇಲೆ ಮಾಡಬೇಡಿ.

ಚಿನ್ನದ ಸಾಲ ನಮ್ಮೂರಲ್ಲಿ ಬೇಗ ಆಗುತ್ತದೆ. ಬಡ್ಡಿಯೂ ಹಳೆ ಕಾರಿನ ಲೋನ್‌ಗಿಂತ ಹೆಚ್ಚಾಗಿ ಕಡಿಮೆಯೇ. ಆದರೆ ಎಷ್ಟೋ ಕಡೆ ತಿಂಗಳ ಕಂತು ಇರುವುದಿಲ್ಲ, ವರ್ಷದ ಕೊನೆಗೆ ಒಟ್ಟಿಗೆ ಕಟ್ಟಬೇಕು. ಕಂತು ಇಲ್ಲವೆಂದರೆ ಸಾಲ ಮರೆತೇ ಹೋಗುತ್ತದೆ. ಅಸಲು ಹಾಗೆಯೇ ಇಟ್ಟು ಬಡ್ಡಿ ಮಾತ್ರ ಕಟ್ಟಿ ನವೀಕರಿಸುತ್ತಾ ಹೋದವರ ಚಿನ್ನ ಮನೆಗೆ ಬರುವುದಿಲ್ಲ. ತಿಂಗಳ ಕಂತಿನ ಚಿನ್ನದ ಸಾಲ ಸಿಕ್ಕರೆ ಮಾತ್ರ ಮಾಡಿ. ಮತ್ತೆ, ಮನೆಯಲ್ಲಿ ಕೇಳಿಯೇ ಮಾಡಿ!

ಪರ್ಸನಲ್ ಲೋನ್‌ನ್ನು ಕಡೆಯದಾಗಿ ನೋಡಿ. ಕಾರು ಹತ್ತು ವರ್ಷ ದಾಟಿದ್ದರೆ ಹೇಗೂ ಹೆಚ್ಚಿನ ಬ್ಯಾಂಕುಗಳು ಕಾರ್ ಲೋನ್ ಕೊಡುವುದಿಲ್ಲ. ಅಂಥ ಕಾರನ್ನು ಸಾಲ ಮಾಡಿ ಕೊಳ್ಳುವುದೇ ಬೇಡ.

## 5. ಸಾಲದ ಕಾಗದದಲ್ಲಿ ಈ ನಾಲ್ಕು ಜಾಗ ನೋಡಿ

ಫ್ಲ್ಯಾಟ್ ಬಡ್ಡಿಯಾ? "ಬರೀ 9 ಪರ್ಸೆಂಟ್" ಎಂದು ಹೇಳಿದರೆ ಕೇಳಬೇಕಾದ್ದು ಒಂದೇ: ಫ್ಲ್ಯಾಟಾ, ರೆಡ್ಯೂಸಿಂಗಾ? 3 ಲಕ್ಷಕ್ಕೆ 9 ಫ್ಲ್ಯಾಟ್ ಎಂದರೆ ವರ್ಷಕ್ಕೆ 27 ಸಾವಿರ, ಮೂರು ವರ್ಷಕ್ಕೆ 81 ಸಾವಿರ ಬಡ್ಡಿ. ನೀವು ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ 3 ಲಕ್ಷಕ್ಕೇ ಬಡ್ಡಿ. ರೆಡ್ಯೂಸಿಂಗ್, ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಅದು 16 ಪರ್ಸೆಂಟಿಗಿಂತ ಜಾಸ್ತಿ. ಮೇಲಿನ 13 ಪರ್ಸೆಂಟಿನ ಸಾಲವೇ 17 ಸಾವಿರ ಅಗ್ಗ.

ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಎಂಬ ಹಾಳೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ಸಹಿ ಹಾಕಿಸುವ ಮೊದಲು ಇದನ್ನು ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದರಲ್ಲಿ ಎಪಿಆರ್ ಎಂಬ ಸಾಲು ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀಸು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂದು ಹೇಳುವುದು ಅದೇ. ಎರಡು ಕಡೆಯ ಸಾಲ ಹೋಲಿಸುವಾಗ ಎಪಿಆರ್ ಮಾತ್ರ ಹೋಲಿಸಿ. ಹಾಳೆ ಕೇಳಿದಾಗ "ಅದೆಲ್ಲ ಆಮೇಲೆ ವಾಟ್ಸಾಪ್ ಮಾಡ್ತೇವೆ" ಎಂದರೆ ಎದ್ದು ಬನ್ನಿ.

ಮೊದಲೇ ತೀರಿಸಿದರೆ ದಂಡ ಎಷ್ಟು? ಹಳೆ ಕಾರಿನ ಸಾಲ ಹೆಚ್ಚಾಗಿ ಸ್ಥಿರ ಬಡ್ಡಿಯದ್ದು. ಅದಕ್ಕೆ ಫೋರ್‌ಕ್ಲೋಷರ್ ಶುಲ್ಕ ಹಾಕುವುದುಂಟು. ಬೋನಸ್ ಬಂದಾಗ, ಚೀಟಿ ಎತ್ತಿದಾಗ ತೀರಿಸುವ ಯೋಚನೆ ಇದ್ದರೆ ಈ ಸಾಲನ್ನು ಮೊದಲು ಓದಿ.

ಜೊತೆಗೆ ಅಂಟಿಸಿದ ಇನ್ಶೂರೆನ್ಸ್. ಸಾಲದ ಮೊತ್ತ ನೀವು ಕೇಳಿದ್ದಕ್ಕಿಂತ ಎಂಟೋ ಹತ್ತೋ ಸಾವಿರ ಜಾಸ್ತಿ ಕಂಡರೆ ಅಲ್ಲಿ ಒಂದು ಪಾಲಿಸಿ ಕೂತಿದೆ ಎಂದು ಲೆಕ್ಕ. ಬೇಡ ಎಂದು ಬರೆದುಕೊಡಿ.

## 6. ಅಡ್ವಾನ್ಸ್ ಕೊಡುವ ಮೊದಲು ಸಾಲದ ಮೊತ್ತ ಖಚಿತ ಮಾಡಿ

ಮಾರುವವರು ಹೇಳುವ ಬೆಲೆಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಅವರ ವ್ಯಾಲ್ಯುಯರ್ ಹಾಕಿದ ಬೆಲೆಗೆ ಕೊಡುತ್ತದೆ. ನೀವು 5 ಲಕ್ಷಕ್ಕೆ ಮಾತಾಡಿದ ಕಾರಿಗೆ ಅವನು 4.3 ಲಕ್ಷ ಹಾಕಿದ, ಬ್ಯಾಂಕ್ ಅದರ 80 ಪರ್ಸೆಂಟ್ ಕೊಡುತ್ತದೆ ಎನ್ನಿ. ಬರುವುದು 3,44,000. ನಾಲ್ಕು ಲಕ್ಷ ಬರುತ್ತದೆ ಎಂದು ನಂಬಿ ಅಡ್ವಾನ್ಸ್ ಕೊಟ್ಟವರು ಈಗ 56 ಸಾವಿರಕ್ಕೆ ಓಡಬೇಕು.

ಅಡ್ವಾನ್ಸ್ ಚೀಟಿಯಲ್ಲಿ ಒಂದು ಸಾಲು ಬರೆಸಿ: "ಸಾಲ ಮಂಜೂರಾಗದಿದ್ದರೆ ಅಥವಾ ದಾಖಲೆ ಸರಿ ಇಲ್ಲದಿದ್ದರೆ ಮುಂಗಡ ಪೂರ್ತಿ ವಾಪಸ್." ಬರೆಯಲು ಒಪ್ಪದಿದ್ದರೆ ಅದೇ ಎಚ್ಚರಿಕೆಯ ಗಂಟೆ. "ಇವತ್ತು ಸಂಜೆಗೆ ಇನ್ನೊಂದು ಪಾರ್ಟಿ ಬರ್ತಾರೆ" ಎನ್ನುವುದೂ ಹಾಗೆಯೇ. ಬರಲಿ ಬಿಡಿ.

ಇನ್ನೊಂದು ತಪ್ಪು: ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಹಾಕುವುದು. ಪ್ರತಿ ಅರ್ಜಿಯೂ ಕ್ರೆಡಿಟ್ ರಿಪೋರ್ಟಿನಲ್ಲಿ ಕೂರುತ್ತದೆ. ಮೊದಲು ಸಂಬಳ ಬರುವ ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಕೇಳಿ.

## 7. ಈಗ ಕಾರು ನೋಡಿ

ಬ್ಯಾಂಕ್ ಸಾಲ ಕೊಟ್ಟಿದೆ ಎಂದರೆ ಕಾರು ಒಳ್ಳೆಯದೇ ಇರಬೇಕು ಎನ್ನುವವರಿದ್ದಾರೆ. ಬ್ಯಾಂಕ್ ನೋಡುವುದು ಕಾಗದ ಮತ್ತು ಬೆಲೆ. ಗೇರ್‌ಬಾಕ್ಸ್ ನೋಡುವುದು ನಿಮ್ಮ ಕೆಲಸ.

ಎಂಪರಿವಾಹನ್‌ನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಹಳೆ ಸಾಲ ಉಂಟಾ ನೋಡಿ. ಬಾಕಿ ದಂಡವನ್ನು ಇ-ಚಲನ್ ಸೈಟಿನಲ್ಲಿ ನೋಡಿ. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ.

ನಮ್ಮ ಕರಾವಳಿಯ ರೋಗ ತುಕ್ಕು. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಹೊರಗೆ ನಿಲ್ಲಿಸಿದ ಕಾರಿಗೆ ಉಪ್ಪುಗಾಳಿ ಕೆಳಗಿನಿಂದ ತಿನ್ನುತ್ತದೆ. ಮೇಲೆ ಪಾಲಿಶ್ ಹೊಳೆಯುತ್ತಿರುತ್ತದೆ. ಟಾರ್ಚ್ ಹಿಡಿದು ಬಾಗಿಲಿನ ಅಡಿಯ ಅಂಚು, ಚಕ್ರದ ಮೇಲಿನ ಕಮಾನು, ಸೈಲೆನ್ಸರ್ ನೋಡಿ. ಕೆಳಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಬಳಿದದ್ದು ಏಕೆ ಎಂದು ಕೇಳಿ.

ನೆರೆ ನೀರು ಕುಡಿದ ಕಾರು ಇನ್ನೊಂದು. 2018ರ ಮೇ 29ರಂದು ಮಂಗಳೂರು ಮುಳುಗಿದ್ದು, 2020ರ ಸೆಪ್ಟೆಂಬರಿನಲ್ಲಿ ಉಡುಪಿ ಮುಳುಗಿದ್ದು ನೆನಪಿದೆಯಲ್ಲ? ಆ ವರ್ಷಗಳಿಗಿಂತ ಹಳೆಯ ಕಾರಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಹೊರಗಿನ ಒಂದಡಿ ತೊಳೆದಿರುತ್ತಾರೆ, ಒಳಗಿನ ಸುರುಳಿಯನ್ನು ತೊಳೆಯುವವರು ಕಡಿಮೆ. ಅಲ್ಲಿ ಕೆಸರಿನ ಗೆರೆ ಸಿಕ್ಕರೆ ಮಾತು ಮುಗಿಯಿತು. ಸ್ಟೆಪ್ನಿ ಎತ್ತಿ ಅದರ ಗುಂಡಿ, ಸೀಟಿನ ಕೆಳಗಿನ ಹಳಿ ಸಹ ನೋಡಿ.

ಓಡಿಸುವಾಗ ಹೈವೇ ಮಾತ್ರ ಸಾಲದು. ಮಣಿಪಾಲದ ಏರು ಅಥವಾ ಕದ್ರಿ ಗುಡ್ಡ ಹತ್ತಿಸಿ. ಏರಿನ ನಡುವೆ ನಿಲ್ಲಿಸಿ, ಎಸಿ ಹಾಕಿ, ಮತ್ತೆ ಎತ್ತಿ. ಕ್ಲಚ್ ಸುಟ್ಟ ವಾಸನೆ ಬಂದರೆ ಬೆಲೆ ಕಡಿಮೆ ಮಾಡಿಸಿ, ಇಲ್ಲವೇ ಬಿಡಿ. ನಾನು ಅವತ್ತು ಈ ಒಂದು ಕೆಲಸ ಮಾಡಿದ್ದರೆ ಸಾಕಿತ್ತು.

## 8. ದುಡ್ಡು ಕೊಡುವ ಕ್ರಮ

ಪೂರ್ತಿ ದುಡ್ಡು ಕೊಡುವವರು ನೋಟಿನ ಕಟ್ಟು ತೆಗೆದುಕೊಂಡು ಹೋಗಬೇಡಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. "ನನ್ನ ತಮ್ಮನ ಖಾತೆಗೆ ಹಾಕಿ" ಎಂದರೆ ಬೇಡ.

ಮಾರುವವರ ಹಳೆ ಸಾಲ ಬಾಕಿ ಇದ್ದರೆ ಅವರ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ ತರಿಸಿ, ಅದರಲ್ಲಿರುವ ಮೊತ್ತವನ್ನು ನೇರ ಆ ಸಾಲದ ಖಾತೆಗೆ ಕಟ್ಟಿ. ಆಮೇಲೆ ಅವರಿಗೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿತು ಎನ್ನುವ ಫಾರ್ಮ್ 35 ಸಿಗುತ್ತದೆ. ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರು, ತೆಗೆಸಿದ ಮೇಲೆಯೇ ಹೆಸರು ಬದಲಾವಣೆ.

ವರ್ಗಾವಣೆಗೆ ಫಾರ್ಮ್ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲ ಮಾಡಿದ್ದರೆ ನಿಮ್ಮ ಬ್ಯಾಂಕಿನ ಎಚ್‌ಪಿ ಸೇರಿಸಲು ಫಾರ್ಮ್ 34. ಪೂರ್ತಿ ಕೊಡುವವರಿಗೆ ನನ್ನ ಸಲಹೆ: ಮಾತುಕತೆಯಲ್ಲೇ ಹೇಳಿ, ಹತ್ತಿಪ್ಪತ್ತು ಸಾವಿರವನ್ನು ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಕೊಡುವುದು ಎಂದು. ಸಾಲದವರ ಪರವಾಗಿ ಬ್ಯಾಂಕ್ ಆರ್‌ಸಿಗೆ ಬೆನ್ನು ಹತ್ತುತ್ತದೆ. ಪೂರ್ತಿ ಕೊಟ್ಟವರ ಪರ ಯಾರೂ ಇಲ್ಲ.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆ ಮಾಲೀಕರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರದ್ದೇ, ಕಾರಿನ ಜೊತೆ ನಿಮಗೆ ಬರುವುದಿಲ್ಲ. ಪ್ರೀಮಿಯಂ ಸ್ವಲ್ಪ ಏರುತ್ತದೆ. ಫಾಸ್ಟ್ಯಾಗ್ ಕಿತ್ತು ನಿಮ್ಮ ಹೆಸರಿನಲ್ಲಿ ಹೊಸದು ಅಂಟಿಸಿ. ಇಲ್ಲದಿದ್ದರೆ ನೀವು ಹೆಜಮಾಡಿ ಟೋಲ್ ದಾಟಿದಾಗ ಹಳೆ ಮಾಲೀಕರ ಫೋನಿಗೆ ಮೆಸೇಜ್ ಹೋಗುತ್ತದೆ.

ಸಾಲ ಮಾಡಿದವರಿಗೆ ಕೆಲಸ ಕೊನೆಯ ಕಂತಿಗೆ ಮುಗಿಯುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ, ಫಾರ್ಮ್ 35 ತೆಗೆದುಕೊಂಡು ಅದೇ ತಿಂಗಳು ಆರ್‌ಟಿಒಗೆ ಕೊಡಿ. ಕಪಾಟಿನಲ್ಲಿ ಇಟ್ಟು ಮರೆತರೆ ಕಾರು ಮಾರುವಾಗ ಎನ್‌ಒಸಿ ಹಳತಾಯಿತು, ಹೊಸದು ತನ್ನಿ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಆ ಶಾಖೆ ಬೇರೆ ಕಡೆ ಹೋಗಿರುತ್ತದೆ, ನಿಮ್ಮ ಫೈಲು ಎಲ್ಲಿದೆ ಎಂದು ಅಲ್ಲಿಯ ಹೊಸಬರಿಗೆ ಗೊತ್ತಿರುವುದಿಲ್ಲ. ಒಂದು ವಾರ ಬಿಟ್ಟು ಎಂಪರಿವಾಹನ್ ತೆರೆದು, ನಿಮ್ಮ ನಂಬರಿನ ಕೆಳಗೆ ಬ್ಯಾಂಕಿನ ಹೆಸರು ಹೋಗಿದೆಯಾ ನೋಡಿ.